ಕಿಡಿ ತಪ್ಪಿದ ಇಂಜಿನ್ನು

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳವರೆಗಿನ ಸೀಮೆಯಲ್ಲಿ ಮೋಟಾರು ದುರಸ್ತಿ ಮಾಡುವ ಯಾವ ಷೆಡ್ಡಿಗೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಮಿಸ್ಸಿಂಗ್’. ಕನ್ನಡ, ತಮಿಳು, ತೆಲುಗು ಮೂರೂ ಬೆರೆತು ಹರಿಯುವ ಆ ಊರುಗಳಲ್ಲಿ ಈ ಇಂಗ್ಲಿಷ್ ಪದಕ್ಕೆ ಮೂರು ಭಾಷೆಗಳಲ್ಲಿಯೂ ಒಂದೇ ಅರ್ಥ. ಇಂಜಿನ್ನು ಒಂದೇ ಲಯದಲ್ಲಿ ನಡೆಯದೆ, ಕುಂಟುತ್ತ, ನಡುಗುತ್ತ, ನಡುನಡುವೆ ಉಸಿರು ಹಿಡಿದಂತೆ ಓಡುತ್ತಿದೆ ಎಂಬುದೇ ಅದರ ಅರ್ಥ. ಸಿಲಿಂಡರೊಂದರಲ್ಲಿ ಉಂಟಾಗಬೇಕಾಗಿದ್ದ ದಹನವು ತಪ್ಪಿಹೋಗಿದೆ; ಆದ್ದರಿಂದ ‘ಮಿಸ್ಸಿಂಗ್’. ಪದವು ಸರಿಯಾಗಿಯೇ ಇದೆ. ಆದರೆ ಯಾವ ಸಿಲಿಂಡರಿನಲ್ಲಿ ತಪ್ಪಿತು, ಏತಕ್ಕೆ ತಪ್ಪಿತು ಎಂಬುದನ್ನು ಕಂಡುಹಿಡಿಯುವ ಬಗೆಯನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ. ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ವಿದ್ಯುತ್ಪ್ರೇರಣೆಯ ಪಾಠವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದರಿಂದ, ವಿದ್ಯಾರ್ಥಿಗಳು ಇದನ್ನು ಕೇವಲ ಮೆಕ್ಯಾನಿಕ್ಕಿನ ವಿಷಯವೆಂದು ಬದಿಗಿಡಬೇಕಾಗಿಲ್ಲ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ರಾಬರ್ಟ್‌ಸನ್‌ಪೇಟೆಯ ಒಬ್ಬಾತನ ಬಳಿ ಹಳೆಯ ಅಂಬಾಸಿಡರ್ ಕಾರು ಇದೆ. ಅದರ ತಯಾರಿಕೆ 2014ರಲ್ಲಿ ನಿಂತುಹೋಗಿದ್ದರೂ, ಮದುವೆಯ ದಿಬ್ಬಣಕ್ಕೆ ಹೂವಿನಿಂದ ಅಲಂಕರಿಸಿ ಕಳುಹಿಸುವುದಕ್ಕೆ ಆ ಕಾರಿಗೆ ಬೇಡಿಕೆಯುಂಟು. ಬೆಳಗಿನ ಹೊತ್ತು ಅದು ಬೇಗ ಹೊರಡುತ್ತಿರಲಿಲ್ಲ. ಹೇಗೂ ಮುಂದಿನ ವಾರ ಮುಹೂರ್ತದ ಬಾಡಿಗೆ ಇದೆಯೆಂದು ಆತ ಪ್ಲಗ್ಗುಗಳು, ಅವುಗಳಿಗೆ ಹೋಗುವ ತಂತಿಗಳು, ಡಿಸ್ಟ್ರಿಬ್ಯೂಟರಿನ ಮುಚ್ಚಳ, ರೋಟರು, ಪಾಯಿಂಟ್ ಸೆಟ್ಟು, ಕಂಡೆನ್ಸರು ಎಲ್ಲವನ್ನೂ ಒಂದೇ ದಿನ ಹೊಸದಾಗಿ ಹಾಕಿಸಿದನು. ಈಗ ಕಾರು ಬೇಗನೆ ಹೊರಡುತ್ತದೆ. ಆದರೆ ನಿಂತಲ್ಲಿಯೇ ಗಡಗಡ ನಡುಗುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದಂತೆ ಸದ್ದಾಗುತ್ತದೆ, ಕಾರ್ಬುರೇಟರು ಸೀನುತ್ತದೆ. ಹಣ ಕೊಟ್ಟು ತಂದ ಹೊಸ ಭಾಗಗಳಲ್ಲಿ ದೋಷವಿರಲಾರದು ಎಂದು ಮಾಲೀಕನಿಗೆ ತೋರುವುದು ಸಹಜ. ಹಾಗಾದರೆ ಕಾರ್ಬುರೇಟರನ್ನು ಬಿಚ್ಚಿಸಬೇಕು, ಅದೂ ಆಗದಿದ್ದರೆ ವಾಲ್ವುಗಳನ್ನು ಉಜ್ಜಿಸಬೇಕು ಎಂದು ಖರ್ಚಿನ ದಾರಿ ಉದ್ದವಾಗುತ್ತ ಹೋಗುತ್ತದೆ. ಬಾಡಿಗೆಯ ದಿನವೋ ಹತ್ತಿರವಾಗುತ್ತಿದೆ.

ಇಲ್ಲಿ ನಾವು ಮೊಟ್ಟಮೊದಲು ಹಿಡಿಯಬೇಕಾದ ಎಳೆ ಯಾವುದು? ನಿನ್ನೆಯವರೆಗೆ ಇಲ್ಲದ ದೋಷವು ಇಂದು ಕಾಣಿಸಿಕೊಂಡಿದೆ. ನಿನ್ನೆಗೂ ಇಂದಿಗೂ ನಡುವೆ ನಡೆದದ್ದು ಒಂದೇ, ಕಿಡಿಯ ವ್ಯವಸ್ಥೆಯ ಭಾಗಗಳ ಬದಲಾವಣೆ. ಆದುದರಿಂದ ಸಂಶಯವು ಮೊದಲು ಅಲ್ಲಿಗೇ ಹೋಗತಕ್ಕದ್ದು. ಹೊಸದು ಎಂಬುದು ಭಾಗದ ವಯಸ್ಸನ್ನು ಹೇಳುತ್ತದೆಯೇ ಹೊರತು, ಅದನ್ನು ಸರಿಯಾದ ಸ್ಥಳದಲ್ಲಿ ಸರಿಯಾದ ಅಳತೆಗೆ ಕೂರಿಸಲಾಗಿದೆಯೆಂಬುದನ್ನು ಹೇಳುವುದಿಲ್ಲ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿ, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಬಿರುಕನ್ನು ಹಾರಿ, ಒತ್ತಿಹಿಡಿದ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹೊತ್ತಿಸಲು ಬೇಕಾಗುವುದು ಎಷ್ಟೋ ಸಾವಿರ ವೋಲ್ಟು. ಈ ಅಂತರವನ್ನು ದಾಟಿಸುವ ಸಾಧನವೇ ಕಾಯಿಲ್ಲು. ಮೃದು ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ, ಕೂದಲಿನಂಥ ತಂತಿಯ ಹಲವು ಸಾವಿರ ಸುತ್ತುಗಳೂ ಅದರಲ್ಲಿವೆ. ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಪ್ರವಾಹ ಹರಿದಾಗ ತಿರುಳಿನಲ್ಲಿ ಕಾಂತಕ್ಷೇತ್ರವು ಬೆಳೆದು ನಿಲ್ಲುತ್ತದೆ. ಆ ಪ್ರವಾಹವನ್ನು ತಟ್ಟನೆ ಕಡಿದರೆ ಕಾಂತಕ್ಷೇತ್ರವು ಕುಸಿಯುತ್ತದೆ. ಕುಸಿಯುವಾಗ ಎರಡು ಸುರುಳಿಗಳಲ್ಲಿಯೂ ವಿದ್ಯುತ್ತನ್ನು ಪ್ರೇರಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಕೊಂಡ ನಿಯಮ ಇದು: ಪ್ರೇರಿತ ವೋಲ್ಟೇಜು ಕಾಂತಕ್ಷೇತ್ರದ ಪರಿಮಾಣವನ್ನು ಅವಲಂಬಿಸುವುದಿಲ್ಲ, ಅದು ಬದಲಾಗುವ ವೇಗವನ್ನು ಅವಲಂಬಿಸುತ್ತದೆ. ಆದ್ದರಿಂದ ಇಡೀ ವ್ಯವಸ್ಥೆಯ ಗುಟ್ಟು ‘ತಟ್ಟನೆ’ ಎಂಬ ಒಂದು ಮಾತಿನಲ್ಲಿ ಅಡಗಿದೆ.

ಪ್ರವಾಹವನ್ನು ಕಡಿಯುವ ಕೆಲಸ ಪಾಯಿಂಟ್ ಸೆಟ್ಟಿನದು. ಡಿಸ್ಟ್ರಿಬ್ಯೂಟರಿನ ನಡುದಂಡದ ಮೇಲೆ ನಾಲ್ಕು ಮೂಲೆಗಳುಳ್ಳ ಕ್ಯಾಮು ತಿರುಗುತ್ತ, ಒಂದೊಂದು ಮೂಲೆಯಿಂದಲೂ ಪಾಯಿಂಟುಗಳನ್ನು ಎತ್ತಿ ಬೇರ್ಪಡಿಸುತ್ತದೆ. ಆದರೆ ಬೇರ್ಪಡುವ ಲೋಹದ ತುದಿಗಳ ನಡುವೆ ಪ್ರವಾಹವು ಸುಲಭವಾಗಿ ನಿಲ್ಲುವುದಿಲ್ಲ. ಕಿಡಿಯ ರೂಪದಲ್ಲಿ ಅಲ್ಲಿಯೇ ಹಾರಿ ಮುಂದುವರಿಯಲು ಹವಣಿಸುತ್ತದೆ. ಹಾಗಾದರೆ ಕಾಂತಕ್ಷೇತ್ರವು ನಿಧಾನವಾಗಿ ಕುಸಿಯುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ. ಇದನ್ನು ತಪ್ಪಿಸುವುದಕ್ಕಾಗಿಯೇ ಪಾಯಿಂಟುಗಳಿಗೆ ಅಡ್ಡಲಾಗಿ ಕಂಡೆನ್ಸರನ್ನು ಜೋಡಿಸಿರುತ್ತಾರೆ. ಕೆರೆಯ ತೂಬನ್ನು ಮುಚ್ಚುವಾಗ ನುಗ್ಗಿಬರುವ ನೀರಿಗೆ ಪಕ್ಕದಲ್ಲಿ ಒಂದು ಚಿಕ್ಕ ಹೊಂಡವಿದ್ದರೆ, ನೀರು ತೂಬಿನ ಸಂದಿಯಲ್ಲಿ ಚಿಮ್ಮದೆ ಹೊಂಡಕ್ಕೆ ಇಳಿಯುತ್ತದೆಯಲ್ಲವೆ? ಕಂಡೆನ್ಸರು ಅಂಥ ಹೊಂಡ. ಪಾಯಿಂಟುಗಳು ಸಾಕಷ್ಟು ದೂರ ಸರಿಯುವವರೆಗೆ ಪ್ರವಾಹವನ್ನು ಅದು ತನ್ನೊಳಗೆ ತೆಗೆದುಕೊಳ್ಳುತ್ತದೆ. ದಪ್ಪ ಸುರುಳಿಯಲ್ಲಿ ಆಗ ಏಳುವುದು ಸುಮಾರು ಮುನ್ನೂರು ವೋಲ್ಟು. ಸಣ್ಣ ಸುರುಳಿಯಲ್ಲಿ ಸುತ್ತುಗಳು ನೂರು ಪಟ್ಟು ಹೆಚ್ಚಾಗಿದ್ದರೆ ಮೂವತ್ತು ಸಾವಿರದವರೆಗೂ ಏರಲು ಅವಕಾಶವುಂಟು.

ಕೆ.ಜಿ.ಎಫ್. ಜನರಿಗೆ ಈ ಮೂವತ್ತು ಸಾವಿರವೆಂಬ ಸಂಖ್ಯೆ ಹೊಸದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಕೈಗೊಂಡ ಯೋಜನೆಯ ಫಲವಾಗಿ 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರು ದೂರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದು ಬಂದಾಗ, ಆ ತಂತಿಗಳಲ್ಲಿದ್ದ ಒತ್ತಡವು ಮೂವತ್ತು ಸಾವಿರ ವೋಲ್ಟಿಗೆ ಕಡಿಮೆಯಾಗಿರಲಿಲ್ಲ. ಅದೇ 1902ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಬಾಷ್‌ರ ಕಾರ್ಯಾಗಾರದ ಗಾಟ್ಲೋಬ್ ಹೊನೋಲ್ಡ್ ಎಂಬ ಇಂಜಿನಿಯರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ರೂಪಿಸಿದನು. ಒಂದು ಕಡೆ ಗಣಿಯ ಭಾರಿ ಯಂತ್ರಗಳನ್ನು ನಡೆಸುವ ವೋಲ್ಟೇಜು, ಇನ್ನೊಂದು ಕಡೆ ಅದೇ ದರ್ಜೆಯ ವೋಲ್ಟೇಜು ಅಂಗೈಯಗಲದ ಕಾಯಿಲ್ಲಿನಲ್ಲಿ! ವ್ಯತ್ಯಾಸವಿರುವುದು ಶಕ್ತಿಯ ಪ್ರಮಾಣದಲ್ಲಿ. ಪ್ಲಗ್ಗಿನ ಒಂದು ಕಿಡಿಯಲ್ಲಿರುವುದು ಒಂದು ಜೂಲಿನ ಚಿಕ್ಕದೊಂದು ಭಾಗ ಮಾತ್ರ. ಇದೇ ಬಾಷ್ ಸಂಸ್ಥೆಯ ಸಂಬಂಧದಿಂದ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ‘ಮೈಕೊ’ ಎಂಬ ಹೆಸರಿನಿಂದ ನಮ್ಮ ನಾಡಿನ ಪ್ಲಗ್ಗುಗಳಿಗೆ ಪರ್ಯಾಯಪದವೇ ಆಗಿಹೋಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳಬರು ಇಂದಿಗೂ ‘ಮೈಕೊ ಪ್ಲಗ್ಗು’ ಎಂದೇ ಕೇಳುತ್ತಾರೆ.

ಇನ್ನು ಕಾಲದ ಲೆಕ್ಕವನ್ನು ನೋಡಬೇಕು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ದಹನವನ್ನು ಪಡೆಯುತ್ತದೆ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಿಗೆ ನಿಮಿಷಕ್ಕೆ 6000 ಕಿಡಿ, ಎಂದರೆ ಸೆಕೆಂಡಿಗೆ 100 ಕಿಡಿ ಬೇಕು. ಒಂದು ಕಿಡಿಗೂ ಇನ್ನೊಂದಕ್ಕೂ ಇರುವ ಅವಕಾಶ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. ಇದರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಹೊತ್ತು ಮಾತ್ರ ಪಾಯಿಂಟುಗಳು ಮುಚ್ಚಿರುತ್ತವೆ. ಕಾಯಿಲ್ಲಿನಲ್ಲಿ ಪ್ರವಾಹವು ತುಂಬಿಕೊಳ್ಳಬೇಕಾದದ್ದು ಅಷ್ಟರಲ್ಲಿಯೇ. ಇಂಜಿನ್ನು ನಿಂತಲ್ಲಿ ನಿಮಿಷಕ್ಕೆ 700 ಸುತ್ತು ತಿರುಗುವಾಗಲಾದರೋ ಸೆಕೆಂಡಿಗೆ ಇಪ್ಪತ್ತಮೂರು ಕಿಡಿಗಳು ಸಾಕು. ಆಗ ಒಂದು ಸಿಲಿಂಡರು ಸುಮ್ಮನಾದರೆ ಸೆಕೆಂಡಿಗೆ ಸುಮಾರು ಆರು ಸಲ ಹೊಡೆತ ತಪ್ಪುತ್ತದೆ. ಬಾನೆಟ್ಟಿನ ಮೇಲೆ ಕೈಯಿಟ್ಟವರಿಗೆ ತಿಳಿಯುವ ನಡುಕವು ಆ ಆರು ತಪ್ಪುಗಳೇ.

ಯಾವ ಸಿಲಿಂಡರು?

ವೈದ್ಯನು ನಾಡಿ ಹಿಡಿಯುವ ಮುನ್ನ ರೋಗಿಯ ಮಾತನ್ನು ಕೇಳುವಂತೆ, ನಾವು ಮೊದಲು ಇಂಜಿನ್ನಿನ ಸದ್ದನ್ನು ಕೇಳಬೇಕು. ತಪ್ಪುವ ಹೊಡೆತವು ಒಂದೇ ಕ್ರಮದಲ್ಲಿ ಮರಳಿ ಮರಳಿ ಬರುತ್ತಿದೆಯೇ, ಅಥವಾ ಮನಸ್ಸಿಗೆ ಬಂದಂತೆ ಬರುತ್ತಿದೆಯೇ? ಕ್ರಮಬದ್ಧವಾಗಿದ್ದರೆ ದೋಷವು ಒಂದೋ ಎರಡೋ ಸಿಲಿಂಡರುಗಳಿಗೆ ಸೇರಿದ್ದು. ಅವುಗಳ ಪ್ಲಗ್ಗು, ತಂತಿ, ಮುಚ್ಚಳದಲ್ಲಿ ಅವುಗಳ ತುದಿ, ಇಷ್ಟರಲ್ಲಿ ಹುಡುಕಬೇಕು. ಕ್ರಮವಿಲ್ಲದಿದ್ದರೆ ನಾಲ್ಕಕ್ಕೂ ಸಾಮಾನ್ಯವಾದ ಭಾಗಗಳಲ್ಲಿ, ಎಂದರೆ ಕಾಯಿಲ್ಲು, ಪಾಯಿಂಟು, ಕಂಡೆನ್ಸರು, ರೋಟರು ಇವುಗಳಲ್ಲಿ ಹುಡುಕಬೇಕು. ಈ ಒಂದು ಪ್ರಶ್ನೆಯಿಂದಲೇ ಅರ್ಧ ಕೆಲಸವು ಮುಗಿಯುತ್ತದೆ.

ಯಾವ ಸಿಲಿಂಡರು ಎಂಬುದನ್ನು ತಿಳಿಯಲು ಹಳೆಯದೊಂದು ಪರೀಕ್ಷೆಯಿದೆ. ಇಂಜಿನ್ನನ್ನು ನಿಲ್ಲಿಸಿ, ಒಂದನೆಯ ಪ್ಲಗ್ಗಿನ ತಂತಿಯನ್ನು ಕಿತ್ತು, ಅದರ ಲೋಹದ ತುದಿಯನ್ನು ಇಂಜಿನ್ನಿನ ಮೈಗೆ ಭದ್ರವಾಗಿ ತಾಗಿಸಿ ಕಟ್ಟಿ, ಮತ್ತೆ ಇಂಜಿನ್ನನ್ನು ಹೊರಡಿಸಬೇಕು. ಆ ಸಿಲಿಂಡರು ಮೊದಲು ಕೆಲಸ ಮಾಡುತ್ತಿದ್ದರೆ ಈಗ ನಡುಕವು ಎದ್ದುಕಾಣುವಂತೆ ಹೆಚ್ಚುತ್ತದೆ. ಹೆಚ್ಚದೆ ಮೊದಲಿನಂತೆಯೇ ಇದ್ದರೆ, ಆ ಸಿಲಿಂಡರು ಮೊದಲೇ ಸುಮ್ಮನಿತ್ತೆಂದು ಅರ್ಥ. ಹೀಗೆಯೇ ನಾಲ್ಕನ್ನೂ ಒಂದೊಂದಾಗಿ ನೋಡಬೇಕು. ಓಡುತ್ತಿರುವ ಇಂಜಿನ್ನಿನಿಂದ ತಂತಿಯನ್ನು ಬರಿಗೈಯಲ್ಲಿ ಕೀಳುವ ಸಾಹಸವು ಬೇಡ. ಆ ಆಘಾತದಿಂದ ಬೆಚ್ಚಿಬಿದ್ದ ಕೈ ಫ್ಯಾನಿನ ರೆಕ್ಕೆಗೆ ತಗುಲುವ ಸಂಭವವೇ ಹೆಚ್ಚಿನ ಅಪಾಯ. ಬಾಗಿಲು ಮುಚ್ಚಿದ ಷೆಡ್ಡಿನೊಳಗೆ ಇದನ್ನು ಮಾಡಬಾರದೆಂಬುದನ್ನೂ ಹೇಳಿಬಿಡಬೇಕು. ಸರಿಯಾಗಿ ಉರಿಯದ ಇಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಇರುತ್ತದೆ. ಗಣಿಗಳ ಆಳದಲ್ಲಿ ಬಂಡೆ ಕೊರೆಯುವ ಯಂತ್ರಗಳನ್ನು ಪೆಟ್ರೋಲಿನಿಂದಲ್ಲದೆ ಸಂಕುಚಿತ ವಾಯುವಿನಿಂದ ನಡೆಸುತ್ತಿದ್ದುದರ ಅನುಕೂಲಗಳಲ್ಲಿ ಇದೂ ಒಂದು: ಅವು ವಿಷವನ್ನು ಬಿಡುವ ಬದಲು ಗಾಳಿಯನ್ನೇ ಬಿಡುತ್ತಿದ್ದುವು.

ನಮ್ಮ ಕಾರಿನಲ್ಲಿ ಒಂದನೆಯ ಮತ್ತು ಮೂರನೆಯ ತಂತಿಗಳನ್ನು ಕಿತ್ತಾಗ ಏನೂ ವ್ಯತ್ಯಾಸವಾಗಲಿಲ್ಲವೆಂದೂ, ಎರಡನೆಯದನ್ನೋ ನಾಲ್ಕನೆಯದನ್ನೋ ಕಿತ್ತಾಗ ಇಂಜಿನ್ನು ನಿಂತೇಹೋಯಿತೆಂದೂ ಇಟ್ಟುಕೊಳ್ಳೋಣ. ಹೊಸ ಪ್ಲಗ್ಗುಗಳೆರಡೂ ಒಟ್ಟಿಗೆ ಕೆಟ್ಟಿರುವ ಸಂಭವವು ಕಡಿಮೆ. ಆ ಎರಡು ತಂತಿಗಳು ಅದಲುಬದಲಾಗಿರುವ ಸಂಭವವೇ ಹೆಚ್ಚು. ಇದನ್ನು ನಾವು ಊಹೆಗೆ ಬಿಡಬೇಕಾಗಿಲ್ಲ; ಸೈಲೆನ್ಸರಿನ ಪಟಾಕಿಯೂ ಕಾರ್ಬುರೇಟರಿನ ಸೀನೂ ಅದನ್ನೇ ಸಾರುತ್ತಿವೆ. ಹೇಗೆಂದರೆ—

ಅಂಬಾಸಿಡರ್ ಇಂಜಿನ್ನಿನ ದಹನದ ಸರದಿ 1-3-4-2. ಒಂದನೆಯದಾದ ಮೇಲೆ ಅರ್ಧ ಸುತ್ತಿಗೆ ಮೂರನೆಯದು, ಇನ್ನರ್ಧ ಸುತ್ತಿಗೆ ನಾಲ್ಕನೆಯದು, ಆಮೇಲೆ ಎರಡನೆಯದು. ಒಂದು ಮತ್ತು ಮೂರರ ತಂತಿಗಳು ಅದಲುಬದಲಾದರೆ, ಒಂದನೆಯ ಸಿಲಿಂಡರಿಗೆ ಬರಬೇಕಾದ ಕಿಡಿ ಅರ್ಧ ಸುತ್ತು ತಡವಾಗಿ ಬರುತ್ತದೆ. ಅಷ್ಟರಲ್ಲಿ ಅದರ ಪಿಸ್ಟನ್ನು ಕೆಳಗಿಳಿದು, ಹೊಗೆ ಹೊರಡುವ ವಾಲ್ವು ತೆರೆದುಕೊಂಡಿರುತ್ತದೆ. ಉರಿಯದೆ ಉಳಿದಿದ್ದ ಮಿಶ್ರಣಕ್ಕೆ ಆಗ ಕಿಡಿ ತಗುಲುತ್ತದೆ. ಜ್ವಾಲೆಯು ಪಿಸ್ಟನ್ನನ್ನು ತಳ್ಳುವ ಬದಲು ಹೊಗೆಕೊಳವೆಯೊಳಕ್ಕೆ ನುಗ್ಗುತ್ತದೆ. ಅದೇ ಪಟಾಕಿ. ಮೂರನೆಯ ಸಿಲಿಂಡರಿಗೋ ಕಿಡಿ ಅರ್ಧ ಸುತ್ತು ಮುಂಚಿತವಾಗಿಯೇ ಬರುತ್ತದೆ. ಅಲ್ಲಿ ಪಿಸ್ಟನ್ನು ಮಿಶ್ರಣವನ್ನು ಈಗತಾನೆ ಎಳೆದುಕೊಂಡು ಕೆಳಗೆ ಇದೆ, ಒಳಬರುವ ವಾಲ್ವು ಇನ್ನೂ ಪೂರ್ತಿ ಮುಚ್ಚಿಲ್ಲ. ಜ್ವಾಲೆಯು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುತ್ತದೆ. ಅದೇ ಕಾರ್ಬುರೇಟರಿನ ಸೀನು. ಎರಡು ಸದ್ದುಗಳೂ ಒಟ್ಟಿಗೆ ಕೇಳಿಬಂದು, ಸರದಿಯಲ್ಲಿ ಒಂದರ ಪಕ್ಕದಲ್ಲೊಂದಿರುವ ಎರಡು ಸಿಲಿಂಡರುಗಳು ಸುಮ್ಮನಿದ್ದರೆ, ತಂತಿಗಳು ಅಡ್ಡಬಿದ್ದಿವೆಯೆಂದು ಮುಚ್ಚಳವನ್ನು ನೋಡದೆಯೇ ಹೇಳಬಹುದು.

ವಿದ್ಯಾರ್ಥಿಗಳು ಇಲ್ಲಿಯೇ ಕಾಗದದ ಮೇಲೆ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು, ಮೂರರ ಬದಲು ಎರಡು, ಮೂರರ ತಂತಿಗಳು ಅದಲುಬದಲಾಗಿದ್ದರೆ? ಸರದಿಯಲ್ಲಿ ಇವೆರಡೂ ಎದುರುಬದುರಾಗಿವೆ. ಕಿಡಿಯು ಇಡೀ ಒಂದು ಸುತ್ತು ತಪ್ಪುತ್ತದೆ. ಆಗ ಪಿಸ್ಟನ್ನು ಮೇಲೆಯೇ ಇರುತ್ತದೆ, ಆದರೆ ಹೊಗೆಯನ್ನು ಹೊರದೂಡಿ ಮುಗಿಸುವ ಗಳಿಗೆ ಅದು. ಉರಿಯಲು ಅಲ್ಲಿ ಉಳಿದಿರುವುದು ಅತ್ಯಲ್ಪ ಮಿಶ್ರಣ. ಆದ್ದರಿಂದ ದೊಡ್ಡ ಸದ್ದು ಸಾಮಾನ್ಯವಾಗಿ ಕೇಳುವುದಿಲ್ಲ. ಒಂದು ಮತ್ತು ನಾಲ್ಕು ಎಂಬ ಎರಡೇ ಸಿಲಿಂಡರುಗಳಿಂದ ಇಂಜಿನ್ನು ಸಮಲಯದಲ್ಲಿಯೇ, ಆದರೆ ಬಲವಿಲ್ಲದೆ ಓಡುತ್ತದೆ. ಕ್ರಮವಾಗಿ ನಡೆಯುವ ಈ ದುರ್ಬಲತೆಯು ಕಿವಿಯನ್ನು ಮೋಸಗೊಳಿಸುತ್ತದೆ. ಕಾರ್ಬುರೇಟರಿನ ದೋಷವೆಂದು ಭ್ರಮಿಸುವುದು ಬಹುಮಟ್ಟಿಗೆ ಇಂಥಲ್ಲಿಯೇ.

ತಂತಿಗಳನ್ನು ಬದಲಾಯಿಸುವಾಗ ಹಳೆಯದೊಂದನ್ನು ಕಿತ್ತು, ಅದರ ಜಾಗಕ್ಕೆ ಹೊಸದೊಂದನ್ನು ಹಾಕಿ, ಅನಂತರ ಮುಂದಿನದಕ್ಕೆ ಕೈಹಾಕಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ನಾಲ್ಕನ್ನೂ ಒಟ್ಟಿಗೆ ಕಿತ್ತವರು ರೋಟರು ತಿರುಗುವ ದಿಕ್ಕನ್ನು ಮೊದಲು ಕಂಡುಕೊಂಡು, ಒಂದನೆಯ ಸಿಲಿಂಡರಿನ ತುದಿಯಿಂದ ಆರಂಭಿಸಿ ಅದೇ ದಿಕ್ಕಿನಲ್ಲಿ 1, 3, 4, 2 ಎಂದು ಜೋಡಿಸುತ್ತ ಹೋಗಬೇಕು. ಅಂಬಾಸಿಡರಿನಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು. ಬೇರೆ ವಾಹನಗಳಲ್ಲಿ ದಿಕ್ಕೂ ಸರದಿಯೂ ಬೇರೆಯಾಗಿರಬಹುದಾದ್ದರಿಂದ ಆಯಾ ಇಂಜಿನ್ನಿನ ಕೈಪಿಡಿಯೇ ಪ್ರಮಾಣ.

ನಾಲ್ಕರಲ್ಲಿಯೂ ತಪ್ಪುತ್ತಿದ್ದರೆ

ಹೊಡೆತವು ಒಂದು ಕಡೆಯೆಂದಿಲ್ಲದೆ ಎಲ್ಲ ಕಡೆಯೂ ತಪ್ಪುತ್ತಿದ್ದರೆ ಪಾಯಿಂಟ್ ಸೆಟ್ಟಿನ ಬಳಿಗೆ ಹೋಗಬೇಕು. ಅಂಬಾಸಿಡರಿನಲ್ಲಿ ಪಾಯಿಂಟುಗಳ ನಡುವಿನ ಬಿರುಕು ಪೂರ್ತಿ ತೆರೆದಾಗ ಒಂದಂಗುಲದ ಸಾವಿರದಲ್ಲಿ 14ರಿಂದ 16 ಭಾಗ, ಎಂದರೆ ಸುಮಾರು 0.36ರಿಂದ 0.40 ಮಿಲಿಮೀಟರು ಇರಬೇಕು. ಇದನ್ನು ಕಣ್ಣಂದಾಜಿನಲ್ಲಿ ಇಡುವವರಿದ್ದಾರೆ. ನಾವು ಅವರ ಕೈಚಳಕವನ್ನು ಮೆಚ್ಚಿದರೂ ಫೀಲರ್ ಗೇಜನ್ನೇ ನಂಬುತ್ತೇವೆ. ಬಿರುಕು ಕಡಿಮೆಯಾದರೆ ಪಾಯಿಂಟುಗಳು ತಡವಾಗಿ ತೆರೆಯುತ್ತವೆ, ಕಿಡಿಯೂ ತಡವಾಗುತ್ತದೆ. ಇಂಜಿನ್ನು ಕಾಯುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಬಿರುಕು ಹೆಚ್ಚಾದರೆ ಕಿಡಿಯು ಮುಂಚಿತವಾಗಿ ಹುಟ್ಟುವುದಲ್ಲದೆ, ಪಾಯಿಂಟುಗಳು ಮುಚ್ಚಿರುವ ಹೊತ್ತು ಕಡಿಮೆಯಾಗಿ ಕಾಯಿಲ್ಲು ತುಂಬಿಕೊಳ್ಳುವುದಿಲ್ಲ. ಹೆಚ್ಚಿನ ವೇಗದಲ್ಲಿ ಹೊಡೆತಗಳು ತಪ್ಪುತ್ತವೆ. ಪಾಯಿಂಟ್ ಸೆಟ್ಟನ್ನು ಬದಲಿಸಿದ ಮೇಲೆ ಟೈಮಿಂಗನ್ನು ಮತ್ತೆ ನೋಡಲೇಬೇಕೆನ್ನುವುದು ಈ ಕಾರಣದಿಂದ. ಅವೆರಡೂ ಬೇರೆ ಬೇರೆ ಕೆಲಸಗಳಲ್ಲ.

ಹೊಸ ಪಾಯಿಂಟಿನ ತುದಿಗಳ ಮೇಲೆ ತುಕ್ಕು ಹಿಡಿಯದಂತೆ ಸವರಿರುವ ಜಿಡ್ಡನ್ನು ಒರೆಸದೆ ಕೂರಿಸಿದರೆ ಪ್ರವಾಹವು ಸರಿಯಾಗಿ ಹರಿಯುವುದಿಲ್ಲ. ಇದು ಅತಿ ಸಣ್ಣ ವಿಷಯ, ಆದರೂ ಮರೆಯುವುದು ಇದನ್ನೇ. ಕಂಡೆನ್ಸರು ಸೋತಿದ್ದರೆ ಪಾಯಿಂಟುಗಳ ನಡುವೆ ನೀಲಿಬಿಳಿಯ ದೊಡ್ಡ ಕಿಡಿ ಹಾರುವುದು ಮುಚ್ಚಳ ತೆಗೆದು ನೋಡಿದವರಿಗೆ ಕಾಣುತ್ತದೆ. ಸ್ವಲ್ಪ ಕಾಲದಲ್ಲಿಯೇ ತುದಿಗಳು ಸುಟ್ಟು ಗುಳಿಬೀಳುತ್ತವೆ. ಕೆಲವು ಕಂಡೆನ್ಸರುಗಳು ತಣ್ಣಗಿರುವಾಗ ಚೆನ್ನಾಗಿದ್ದು, ಇಂಜಿನ್ನು ಕಾದ ಮೇಲೆ ಸೋಲುತ್ತವೆ. ಹಳೆಯ ಕಂಡೆನ್ಸರನ್ನು ಎಸೆಯದೆ ಇಟ್ಟುಕೊಂಡಿದ್ದರೆ, ಅದೊಂದನ್ನೇ ಮತ್ತೆ ಹಾಕಿ ನೋಡಿ ಐದು ನಿಮಿಷದಲ್ಲಿ ತೀರ್ಮಾನಕ್ಕೆ ಬರಬಹುದು. ಎರಡು ಭಾಗಗಳನ್ನು ಒಟ್ಟಿಗೆ ಹಿಂದಕ್ಕೆ ಹಾಕಿದರೆ ಯಾವುದು ಅಪರಾಧಿಯೆಂಬುದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂದು ಅಧ್ಯಾಪಕರು ಒತ್ತಿ ಹೇಳುವುದು ಇದಕ್ಕೇ. ಪಾಯಿಂಟುಗಳು ಕುಳಿತಿರುವ ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಹೋಗುವ ಎಳೆತಂತಿಯೊಂದಿದೆ. ಕೆಲಸ ಮಾಡುವಾಗ ಸ್ಕ್ರೂಡ್ರೈವರು ತಗುಲಿ ಅದು ಅರ್ಧ ಹರಿದಿದ್ದರೆ, ಆಕ್ಸಿಲರೇಟರನ್ನು ಒತ್ತಿದಾಗಲೆಲ್ಲ ತಟ್ಟೆಯು ಸರಿದು ಸಂಪರ್ಕ ತಪ್ಪುತ್ತದೆ. ಈ ದೋಷವನ್ನು ಹುಡುಕಿ ಹುಡುಕಿ ಬೇಸತ್ತವರು ಅನೇಕರು.

ಹೊರಗೆ ಹಾರುವ ಕಿಡಿ, ಒಳಗೆ ಹಾರದ ಕಿಡಿ

ತಂತಿಗಳನ್ನು ಸರಿಪಡಿಸಿದ ಮೇಲೆ ನಮ್ಮ ಅಂಬಾಸಿಡರು ನಿಂತಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ನಾಲ್ಕೈದು ಜನರನ್ನು ಕೂರಿಸಿಕೊಂಡು ಏರುರಸ್ತೆಯಲ್ಲಿ ಹೋಗುವಾಗ ಮತ್ತೆ ಒಂದು ಹೊಡೆತ ತಪ್ಪುತ್ತದೆಯೆನ್ನೋಣ. ಪ್ಲಗ್ಗುಗಳನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಇಂಜಿನ್ನಿನ ಮೇಲಿಟ್ಟು ತಿರುಗಿಸಿದರೆ ನಾಲ್ಕರಲ್ಲಿಯೂ ಕಿಡಿ ಚಟಚಟನೆ ಹಾರುತ್ತದೆ. ಹಾಗಾದರೆ ಪ್ಲಗ್ಗು ಸರಿಯಿದೆಯೆ?

ಸರಿಯಿದೆಯೆಂದು ಹೇಳಲಾಗದು. ಗಾಳಿಯು ಸಹಜವಾಗಿ ವಿದ್ಯುತ್ತನ್ನು ತಡೆಯುವ ವಸ್ತು. ನಮ್ಮ ಸುತ್ತಣ ಗಾಳಿಯಲ್ಲಿ ಒಂದು ಮಿಲಿಮೀಟರನ್ನು ಹಾರಲು ಸುಮಾರು ಮೂರು ಸಾವಿರ ವೋಲ್ಟು ಸಾಕು. ಗಾಳಿಯನ್ನು ಒತ್ತಿ ಸಾಂದ್ರವಾಗಿಸಿದಂತೆ ಅದರ ತಡೆಯೂ ಹೆಚ್ಚುತ್ತ ಹೋಗುತ್ತದೆ. ಸಿಲಿಂಡರಿನೊಳಗೆ ಮಿಶ್ರಣವು ಏಳೆಂಟು ಪಟ್ಟು ಒತ್ತಲ್ಪಟ್ಟಿರುವಾಗ ಅದೇ ಬಿರುಕಿಗೆ ಎಷ್ಟೋ ಪಟ್ಟು ಹೆಚ್ಚಿನ ವೋಲ್ಟೇಜು ಬೇಕು. ಅದರಲ್ಲಿಯೂ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ತುಂಬಿ ಸಾಂದ್ರತೆ ಮತ್ತಷ್ಟು ಏರುತ್ತದೆ. ವೋಲ್ಟೇಜು ಎಂಬುದು ದಾರಿ ಸಿಗುವವರೆಗೆ ಮಾತ್ರ ಏರುವ ಪದಾರ್ಥ. ಪ್ಲಗ್ಗಿನ ಬಿರುಕಿಗಿಂತ ಸುಲಭವಾದ ದಾರಿ ಬೇರೆಲ್ಲಿಯಾದರೂ ಇದ್ದರೆ, ಅದು ಅಲ್ಲಿಯೇ ಇಳಿದುಬಿಡುತ್ತದೆ. ಪ್ಲಗ್ಗನ್ನು ಬಿಗಿಯುವಾಗ ಸ್ಪ್ಯಾನರು ಓರೆಯಾಗಿ ಅದರ ಬಿಳಿಯ ಪಿಂಗಾಣಿಯಲ್ಲಿ ಕೂದಲಿನಷ್ಟು ಸೀಳು ಬಂದಿದ್ದರೆ, ಹೊರಗೆ ಪರೀಕ್ಷಿಸಿದಾಗ ಕಿಡಿಯು ತುದಿಯಲ್ಲಿ ಹಾರಿ, ಇಂಜಿನ್ನಿನೊಳಗೆ ಒತ್ತಡ ಹೆಚ್ಚಿದಾಗ ಸೀಳಿನ ದಾರಿ ಹಿಡಿಯುತ್ತದೆ. ನಮ್ಮ ಕಾರಿನ ಕೊನೆಯ ದೋಷ ಅದೇ ಆಗಿತ್ತೆಂದು ಭಾವಿಸೋಣ. ಅದನ್ನು ಕಂಡುಹಿಡಿಯುವುದೂ ಸುಲಭ: ಹೊಡೆತ ತಪ್ಪುವ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಬೇಕು. ದೋಷವು ಪ್ಲಗ್ಗಿನೊಂದಿಗೆ ಪಕ್ಕಕ್ಕೆ ಹೋದರೆ ಪ್ಲಗ್ಗೇ ಕಾರಣ. ಇದ್ದಲ್ಲಿಯೇ ಉಳಿದರೆ ತಂತಿಯನ್ನು ನೋಡಬೇಕು.

ಪ್ಲಗ್ಗಿನ ಬಿರುಕು ಈ ಇಂಜಿನ್ನಿಗೆ ಅಂಗುಲದ ಸಾವಿರದಲ್ಲಿ 25 ಭಾಗ, ಎಂದರೆ 0.64 ಮಿಲಿಮೀಟರು. ಪೆಟ್ಟಿಗೆಯಿಂದ ತೆಗೆದಾಗ ಸರಿಯಿದ್ದದ್ದು ಕೈಜಾರಿ ನೆಲಕ್ಕೆ ಬಿದ್ದು ಮುಚ್ಚಿಹೋಗಿರಬಹುದು. ಆಗ ಕಿಡಿ ಹಾರುತ್ತದೆ, ಆದರೆ ತೀರ ಗಿಡ್ಡದಾದ ಆ ಕಿಡಿ ನಿಂತಲ್ಲಿ ಓಡುವಾಗಿನ ತೆಳು ಮಿಶ್ರಣವನ್ನು ಹೊತ್ತಿಸಲಾರದು. ಒಟ್ಟಿನಲ್ಲಿ, ಭಾರದಲ್ಲಿ ತಪ್ಪುವ ಹೊಡೆತವು ವೋಲ್ಟೇಜಿನ ಸೋರಿಕೆಯನ್ನೋ ಅತಿಯಾದ ಬಿರುಕನ್ನೋ ಸೂಚಿಸಿದರೆ, ನಿಂತಲ್ಲಿ ಮಾತ್ರ ತಪ್ಪುವ ಹೊಡೆತವು ಮುಚ್ಚಿದ ಬಿರುಕನ್ನೋ ಮಿಶ್ರಣದ ದೋಷವನ್ನೋ ಸೂಚಿಸುತ್ತದೆ.

ಸೋರಿಕೆಯನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಕತ್ತಲಾದ ಮೇಲೆ, ಬಯಲಿನಲ್ಲಿ, ದೀಪವಿಲ್ಲದೆ ಬಾನೆಟ್ಟನ್ನೆತ್ತಿ ಇಂಜಿನ್ನನ್ನು ನಡೆಸಬೇಕು. ತಂತಿಗಳ ಮೈಯಿಂದ ಲೋಹಕ್ಕೆ ಹಾರುವ ನೀಲಿ ಎಳೆಗಳು ಕಾಣುತ್ತವೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರು ಎತ್ತರದಲ್ಲಿರುವ ಈ ಸೀಮೆಯಲ್ಲಿ ಮಾಗಿಯ ಬೆಳಗಿನಲ್ಲಿ ಇಬ್ಬನಿ ಬೀಳುವಾಗ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂರುತ್ತದೆ. ತೇವದ ಮೇಲೆ ಒಮ್ಮೆ ಹರಿದ ವಿದ್ಯುತ್ತು ಮಸಿಯ ಗೆರೆಯನ್ನು ಬಿಡುತ್ತದೆ, ಮುಂದೆ ತೇವವಿಲ್ಲದಾಗಲೂ ಆ ಗೆರೆಯೇ ದಾರಿಯಾಗುತ್ತದೆ. ಒಣಬಟ್ಟೆಯಿಂದ ಒರೆಸಿದರೆ ತೇವ ಹೋಗುತ್ತದೆ. ಮಸಿಗೆರೆ ಬಿದ್ದ ಮುಚ್ಚಳವನ್ನಾದರೋ ಬದಲಿಸುವುದೇ ಸರಿ.

ಎತ್ತರದ ಮಾತು ಬಂದುದರಿಂದ ಇನ್ನೊಂದು ವಿಷಯ. ಇಲ್ಲಿನ ವಾಯುಭಾರವು ಚೆನ್ನೈಯದಕ್ಕಿಂತ ಸುಮಾರು ಹತ್ತರಲ್ಲೊಂದು ಭಾಗ ಕಡಿಮೆ. ಅಲ್ಲಿ ಕಾರ್ಬುರೇಟರನ್ನು ಹದಗೊಳಿಸಿ ತಂದ ಕಾರಿಗೆ ಇಲ್ಲಿ ಗಾಳಿ ಸಾಲದೆ ಪೆಟ್ರೋಲು ಸ್ವಲ್ಪ ಹೆಚ್ಚಾಗುತ್ತದೆ. ಗಣಿಗಳ ಪಕ್ಕದ ಸಯನೈಡು ದಿಬ್ಬಗಳಿಂದ ಆಷಾಢದ ಗಾಳಿಗೆ ಏಳುವ ನುಣುಪು ಧೂಳು ಏರ್ ಫಿಲ್ಟರನ್ನು ಕಟ್ಟಿಹಾಕಿದರೂ ಅದೇ ಪರಿಣಾಮ. ಪ್ಲಗ್ಗಿನ ಮೂತಿ ಮಸಿ ಹಿಡಿದು ಕಪ್ಪಾಗಿರುವುದು ಇದರ ಗುರುತು. ಪ್ಲಗ್ಗನ್ನು ಬದಲಿಸುವಾಗ ಕೈತಗುಲಿ ನಿರ್ವಾತದ ರಬ್ಬರು ಕೊಳವೆ ಕಳಚಿದ್ದರೆ ಇದಕ್ಕೆ ತಿರುವುಮುರುವಾಗಿ ಗಾಳಿ ಹೆಚ್ಚಾಗಿ ನುಗ್ಗಿ, ನಿಂತಲ್ಲಿ ಇಂಜಿನ್ನು ಕುಂಟುತ್ತದೆ. ಕಿಡಿಯ ಕೆಲಸವಾದ ಮೇಲೆ ಹುಟ್ಟಿದ ದೋಷವೆಲ್ಲ ಕಿಡಿಯದೇ ಆಗಿರಬೇಕೆಂಬ ನಿಯಮವಿಲ್ಲ. ಕೈ ಎಲ್ಲೆಲ್ಲಿ ಆಡಿತೆಂಬುದನ್ನು ನೋಡಬೇಕು. ಅಂದಹಾಗೆ, 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ಕೆ.ಜಿ.ಎಫ್.ನಲ್ಲಿ ತಯಾರಿಸುವ ಬುಲ್‌ಡೋಜರುಗಳಿಗೆ ಈ ಗೋಳು ಯಾವುದೂ ಇಲ್ಲ. ಅವುಗಳ ಡೀಸೆಲ್ ಇಂಜಿನ್ನುಗಳಲ್ಲಿ ಗಾಳಿಯ ಒತ್ತಡದಿಂದ ಹುಟ್ಟುವ ಕಾವೇ ಇಂಧನವನ್ನು ಹೊತ್ತಿಸುತ್ತದೆ; ಕಿಡಿಯೂ ಇಲ್ಲ, ಪ್ಲಗ್ಗಿನ ಬಿರುಕೂ ಇಲ್ಲ.

ಇಂದಿನ ಪೆಟ್ರೋಲು ಕಾರುಗಳಲ್ಲಿ ಪಾಯಿಂಟೂ ಡಿಸ್ಟ್ರಿಬ್ಯೂಟರೂ ಮಾಯವಾಗಿ, ಸಾಮಾನ್ಯವಾಗಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ಲು ಕುಳಿತಿದೆ. ಪ್ರವಾಹವನ್ನು ಕಡಿಯುವುದು ಟ್ರಾನ್ಸಿಸ್ಟರು. ಇಂಥವುಗಳಲ್ಲಿ ತಂತಿ ಕಿತ್ತು ನೋಡುವ ಹಳೆಯ ಪರೀಕ್ಷೆ ಸಲ್ಲದು. ವಾಹನಕ್ಕೂ ಮನುಷ್ಯನಿಗೂ ಅದು ಕೇಡು. ಅದರ ಬದಲು ಇಂಜಿನ್ನಿನ ಕಂಪ್ಯೂಟರು ತಾನೇ ನಾಡಿ ಹಿಡಿಯುತ್ತದೆ. ಪ್ರತಿಯೊಂದು ದಹನಕ್ಕೂ ಕ್ರ್ಯಾಂಕು ದಂಡವು ಒಂದಿಷ್ಟು ಚುರುಕಾಗುತ್ತದೆ. ದಹನ ತಪ್ಪಿದರೆ ಆ ಸರದಿಯ ತಿರುಗಾಟಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ದಂಡದ ಬಳಿಯ ಸಂವೇದಕವು ಹಲ್ಲುಗಳನ್ನೆಣಿಸುತ್ತ ಈ ವಿಳಂಬವನ್ನು ಅಳೆದು, ಅದು ಯಾವ ಸಿಲಿಂಡರಿನ ಸರದಿಯೆಂದು ತಿಳಿಸುತ್ತದೆ. ಸ್ಕ್ಯಾನರನ್ನು ಜೋಡಿಸಿದರೆ ಪಿ 0301 ಎಂದು ಬಂದಾಗ ಒಂದನೆಯ ಸಿಲಿಂಡರು, ಪಿ 0303 ಎಂದಾಗ ಮೂರನೆಯದು. ಪಿ 0300 ಎಂದರೆ ಇಂಥದೇ ಎಂದಿಲ್ಲದೆ ಹಲವು ಕಡೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಮೆಕ್ಯಾನಿಕ್ಕನು ತಿಳಿಯುತ್ತಿದ್ದುದನ್ನೇ ಇದು ಅಂಕಿಯಲ್ಲಿ ಹೇಳುತ್ತದೆ. ಆದರೆ ಕಾರಣವನ್ನು ಅದೂ ಹೇಳುವುದಿಲ್ಲ. ಮೂರನೆಯ ಸಿಲಿಂಡರಿನ ಕಾಯಿಲ್ಲನ್ನು ಒಂದನೆಯದಕ್ಕೆ ಹಾಕಿ, ಸಂಖ್ಯೆಯು 0303ರಿಂದ 0301ಕ್ಕೆ ಬದಲಾಯಿತೆ ಎಂದು ನಾವೇ ನೋಡಬೇಕು. ಮುಂದಿನ ಫಲಕದಲ್ಲಿ ಇಂಜಿನ್ನಿನ ದೀಪವು ಮಿಣುಕುತ್ತಿದ್ದರೆ ವಾಹನವನ್ನು ಓಡಿಸದೆ ನಿಲ್ಲಿಸುವುದು ಒಳ್ಳೆಯದು. ಉರಿಯದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದರ ಜೇನುಗೂಡಿನಂಥ ಒಳಮೈಯನ್ನೇ ಕರಗಿಸಬಲ್ಲುದು. ಒಂದು ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾಗಿದ್ದ ಕೆಲಸವು ಆಗ ಹತ್ತಾರು ಸಾವಿರ ರೂಪಾಯಿಗೆ ಏರುತ್ತದೆ.

ನಮ್ಮ ಅಂಬಾಸಿಡರಿಗೆ ಇನ್ನೊಂದು ಕೆಲಸ ಬಾಕಿಯಿದೆ. ಹೊಸ ಪಾಯಿಂಟಿನ ಹಿಮ್ಮಡಿಯು ಕ್ಯಾಮಿನ ಮೇಲೆ ಉಜ್ಜಿ ಹದವಾಗುವವರೆಗೆ ಬೇಗ ಸವೆಯುತ್ತದೆ, ಸವೆದಂತೆ ಬಿರುಕು ಕಿರಿದಾಗುತ್ತದೆ. ಆದ್ದರಿಂದ ಕ್ಯಾಮಿಗೆ ಚೂರು ಗ್ರೀಸನ್ನು ಸವರಿ, ಮದುವೆಯ ಬಾಡಿಗೆ ಮುಗಿಸಿ ಬಂದ ಮೇಲೆ, ಐನೂರು ಕಿಲೋಮೀಟರು ಓಡುವಷ್ಟರೊಳಗೆ ಫೀಲರ್ ಗೇಜನ್ನು ಮತ್ತೊಮ್ಮೆ ಹಾಕಿ ನೋಡಬೇಕು.